ರಣರಂಗದಾಗ ಪಾರ್ಕಿಂಗ್ ಐತೇನ್ರಿ?

‘ಒಂದೇ ದಿನ, ಆರು ರಣರಂಗ. ಎಸಿ ಬಸ್, ಗೈಡ್, ನಾಷ್ಟಾ, ಊಟ, ಎರಡು ಹೊತ್ತು ಚಹಾ ಸೇರಿ.’ ವಾಟ್ಸ್ಯಾಪಿಗೆ ಬಂದ ಈ ಜಾಹೀರಾತು ನೋಡಿ ದುಡ್ಡು ಕಟ್ಟಿಬಿಟ್ಟೆ. ಹಾನಗಲ್ಲ, ಸವಣೂರು, ಹೊಸರಿತ್ತಿ, ಸೊರಟೂರು, ನರಗುಂದ, ಕಿತ್ತೂರು. ಹೊಯ್ಸಳ ದೊರೆ ವೀರ ಬಲ್ಲಾಳನಂಥ ವೀರ ಬಲ್ಲಾಳನೇ ಸೊರಟೂರು ಗೆದ್ದು ಹಾನಗಲ್ಲಿಗೆ ಮುತ್ತಿಗೆ ಹಾಕುವ ಹೊತ್ತಿಗೆ ಐದಾರು ವರ್ಷ ಕಳೆದಿತ್ತು. ನಾವು ಮಾತ್ರ ರಾತ್ರಿ ಎಂಟಕ್ಕೆ ಹುಬ್ಬಳ್ಳಿಯಲ್ಲಿರಲೇಬೇಕು, ಡ್ರೈವರ್‌ಗೆ ಮದುವೆ ಬಾಡಿಗೆ ಇತ್ತು.

ಬೆಳಗ್ಗೆ ಆರಕ್ಕೆ ಚೆನ್ನಮ್ಮ ಸರ್ಕಲ್‌ನಲ್ಲಿ ಕಿಟಕಿ ಸೀಟಿಗೆ ಮೊದಲ ಕಾಳಗ ನಡೆಯಿತು. ಟವೆಲ್ ಹಾಕಿದವರು ಗೆದ್ದರು. ಕರ್ಚೀಫು ಹಾಕಿದವರು ಸೋತರು.

ಹಾನಗಲ್ಲಿನಲ್ಲಿ ಇಳಿದಾಗ ಗೈಡ್ ಹುಡುಗ ಮೈಕ್ ಹಿಡಿದು, ‘1196ರಾಗ ಬಲ್ಲಾಳ ಮುತ್ತಿಗಿ ಹಾಕಿದ್ದು ಇದ ಜಾಗಾರಿ’ ಎಂದ. ನಾವು ನಿಂತಿದ್ದು ತಾರಕೇಶ್ವರ ಗುಡಿಯ ಮುಂದೆ. ಕೋಟೆಯ ಗೋಡೆ ಎಲ್ಲಿ ಅಂತ ಯಾರೋ ಕೇಳಿದರು. ‘ಅಲ್ಲೆ ಬಸ್ಸ ಹೋಗಂಗಿಲ್ರಿ’ ಎಂದ. ಆಗಲೇ ನನಗೆ ಈ ಪ್ರವಾಸದ ಗುಟ್ಟು ತಿಳಿದಿದ್ದು. ಎಲ್ಲಿ ಬಸ್ಸು ನಿಲ್ಲುತ್ತದೋ ಅಲ್ಲೇ ಯುದ್ಧ ನಡೆದಿರಬೇಕು.

ಸವಣೂರಿನಲ್ಲಿ ನಿಲ್ಲಲು ಜಾಗ ಚೆನ್ನಾಗಿತ್ತು. ಹೀಗಾಗಿ 1756ರ ಪೇಶ್ವೆ ಮುತ್ತಿಗೆಗೆ 4 ನಿಮಿಷ, ಸವಣೂರ ಖಾರಾಕ್ಕೆ 45 ನಿಮಿಷ ಸಿಕ್ಕಿತು. ನವಾಬನ ಸಂಸ್ಥಾನದಿಂದ ಒಂದೊಂದು ಕಿಲೋ ವಸೂಲು ಮಾಡಿಕೊಂಡು ಹೊರಟೆವು. ಪೇಶ್ವೆಯೂ ಬರಿಗೈಯಲ್ಲಿ ಹೋಗಿರಲಿಕ್ಕಿಲ್ಲ ಬಿಡಿ.

ಹೊಸರಿತ್ತಿಯಲ್ಲಿ ಬಸ್ಸು ನಿಲ್ಲಲೇ ಇಲ್ಲ. ‘ಎಡಕ್ಕ ನೋಡ್ರಿ, ಮೈಲಾರ ಮಹಾದೇವಪ್ಪನವರು ಹುತಾತ್ಮರಾದ ಊರು’ ಎಂದು ಗೈಡ್ ಹೇಳುವಷ್ಟರಲ್ಲಿ ಎಡಕ್ಕೆ ಗೊಬ್ಬರದ ಅಂಗಡಿ ಹೋಯಿತು, ನೀರಿನ ಟ್ಯಾಂಕು ಹೋಯಿತು, ಊರೂ ಹೋಯಿತು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದುಹೋದ ಮನುಷ್ಯ. 1943ರ ಏಪ್ರಿಲ್ 1ರಂದು ಇಲ್ಲಿ ಸರಕಾರದ ಕಂದಾಯದ ಖಜಾನೆಗೆ ಕೈ ಹಾಕಿ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಗುಂಡಿಗೆ ಬಲಿಯಾದರು. ಅಷ್ಟು ದೂರ ನಡೆದವರಿಗಾಗಿ ನಾವು ಬಸ್ಸಿನಿಂದ ಎರಡು ಮೆಟ್ಟಿಲು ಇಳಿಯಲಿಲ್ಲ. ನನ್ನ ಪಕ್ಕದ ಕಾಕಾ ಮಾತ್ರ ಕಿಟಕಿಗೆ ಕೈ ಮುಗಿದರು. ಅಷ್ಟೊತ್ತಿಗೆ ಮುಂದಿನ ಊರಿನ ಬಾರ್ ಬಂದಿತ್ತು.

ಸೊರಟೂರಿನ ಕಥೆ ಇನ್ನೂ ಚಂದ. 12ನೇ ಶತಮಾನದ ಕೊನೆಗೆ ಯಾದವರ ಭಿಲ್ಲಮನನ್ನು ಬಲ್ಲಾಳ ಇಲ್ಲಿ ಸೋಲಿಸಿದ. ಶಾಸನದ ಲೆಕ್ಕದಲ್ಲಿ ಭಿಲ್ಲಮನ ದಂಡು 2 ಲಕ್ಷ ಕಾಲಾಳು, 12 ಸಾವಿರ ಕುದುರೆ. ಅಷ್ಟೆಲ್ಲ ಹಿಡಿಸಿದ ನೆಲದಲ್ಲಿ ನಮ್ಮದೊಂದು ಬಸ್ಸು ಹೊಳ್ಳಲಿಲ್ಲ. ಡ್ರೈವರ್ ಮೂರು ಸಲ ಹಿಂದೆಮುಂದೆ ಮಾಡಿ, ಯಾರದೋ ಬೇಲಿ ಮುರಿದು, ಬೇಲಿಯವರ ಹತ್ತಿರ ಬೈಸಿಕೊಂಡು ಹೊರಬಿದ್ದ. ಎಂಟುನೂರು ವರ್ಷದ ಮೇಲೆ ಸೊರಟೂರಿನಿಂದ ಇನ್ನೊಂದು ದಂಡು ಕಾಲುಕಿತ್ತಿತು.

ಅಲ್ಲಿಂದ ಐದಾರು ಮೈಲಿಗೆ ಟೈರು ಪಂಕ್ಚರ್. ಇಡೀ ದಿನದಲ್ಲಿ ನಾವು ನೋಡಿದ ಖರೆ ರಣರಂಗ ಅದೊಂದೇ. ಬೇವಿನ ಗಿಡದ ಬುಡಕ್ಕೆ ಒಂದು ವೀರಗಲ್ಲು ವಾಲಿಕೊಂಡು ನಿಂತಿತ್ತು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ಸಾಲಾಗಿ ದನ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೊರಟಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ. ಅಪ್ಸರೆಯೊಬ್ಬಳ ಮುಖದ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಬರೆದು ‘ಬೋರವೆಲ್’ ಎಂದಿತ್ತು. ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದ ಅಜ್ಜ ಹೇಳಿದರು: ‘ಊರ ದನಾ ಹೊಡಕೊಂಡ ಹೊಂಟಿದ್ರಂತ. ಇಂವ ಒಬ್ಬನ ಅಡ್ಡ ನಿಂತ ಸತ್ತ. ಹೆಸರ ಗೊತ್ತಿಲ್ಲ ತಮ್ಮಾ, ಅಮಾಸಿಗೆ ಎಣ್ಣಿ ಹಚ್ಚತೇವಿ.’ ಗೈಡನನ್ನು ಕರೆದು ತೋರಿಸಿದೆ. ಫೋನ್ ತೆಗೆದು ನೋಡಿ, ‘ಇದು ಲಿಸ್ಟಿನಾಗ ಇಲ್ರಿ ಸರ್’ ಎಂದು ಸ್ಟೆಪ್ನಿ ಹಿಡಿಯಲು ಹೋದ.

ನರಗುಂದ ಮುಟ್ಟಿದಾಗ ಹೊತ್ತು ಇಳಿದಿತ್ತು. ಕಿತ್ತೂರು ರದ್ದು, ಕೋಟೆ ಮುಚ್ಚುತ್ತದೆ ಎಂದರು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಅದೇ ಕೋಟೆಯ ಬಾಗಿಲ ತನಕ ಹೋಗಿ ಪ್ರಾಣ ಬಿಟ್ಟ. ನಮ್ಮದು ಬರೀ ದುಡ್ಡು ಹೋಯಿತು.

ನರಗುಂದದ ಅರಸ ಬಾಬಾಸಾಹೇಬನ ಕಥೆಯನ್ನು ಹುಡುಗ ಚೆನ್ನಾಗಿಯೇ ಹೇಳಿದ, ಸುಳ್ಳು ಯಾಕೆ ಹೇಳಲಿ. ದತ್ತಕಕ್ಕೆ ಈಸ್ಟ್ ಇಂಡಿಯಾ ಕಂಪನಿ ಒಪ್ಪದಿದ್ದದ್ದು, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಕಡಿದದ್ದು, ಅದನ್ನು ನರಗುಂದದ ಅಗಸಿಗೆ ತೂಗುಹಾಕಿದ್ದು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಕೇಳಿದ್ದೇ ತಡ, ಹಿಂದಿನ ಸೀಟಿನ ನಾಲ್ವರು ಯಾವುದೋ ಕಮಾನಿನ ಕೆಳಗೆ ಕತ್ತು ವಾಲಿಸಿ, ನಾಲಿಗೆ ಚಾಚಿ ಸೆಲ್ಫಿ ತೆಗೆದುಕೊಂಡರು.

‘ರೈತರ ವೀರಗಲ್ಲು ತೋರಸಂಗಿಲ್ಲೇನಪಾ?’ ಎಂದು ಕಾಕಾ ಕೇಳಿದರು. 1980ರ ಜುಲೈ 21. ಮಲಪ್ರಭೆಯ ಕಾಲುವೆ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಗಿ ಈರಪ್ಪ ಕಡ್ಲಿಕೊಪ್ಪ ಸತ್ತದ್ದು ಇದೇ ಊರಲ್ಲಿ.

‘ಅದು ಇತಿಹಾಸ ಅಲ್ರಿ ಕಾಕಾ, ರಾಜಕೀಯ.’

‘ಎಷ್ಟ ವರ್ಷಾದ್ರ ಇತಿಹಾಸ ಆಕ್ಕೇತಿ?’

‘ಅದನ್ನ ಕಂಪನಿಯವರು ಹೇಳಬೇಕ್ರಿ.’

ಯಾರು ವಾರಸುದಾರ, ಯಾರು ಅಲ್ಲ ಅಂತ 1858ರಲ್ಲಿಯೂ ಕಂಪನಿಯವರೇ ಹೇಳುತ್ತಿದ್ದರು. ಕಾಕಾ ಮಾತಾಡದೆ ಇಳಿದು ನಡೆದರು, ನಾನೂ ಹಿಂದೆ ಹೋದೆ. ವೀರಗಲ್ಲು ರಸ್ತೆ ಬದಿಗೇ ಇದೆ, ಹುಡುಕಬೇಕಾಗಿಯೇ ಇಲ್ಲ. ಹತ್ತಿರದಲ್ಲಿ ಹಸಿರು ಶಾಲಿನ ಹಿರಿಯರೊಬ್ಬರು ಕೂತಿದ್ದರು. ಸವಣೂರ ಖಾರಾ ತಿಂದು ಕಾಕಾನ ಗಂಟಲು ಒಣಗಿತ್ತು, ಬಸ್ಸಿನ ಬಾಟಲಿಗಳು ಗದಗ ದಾಟುವ ಮೊದಲೇ ಖಾಲಿಯಾಗಿದ್ದವು.

‘ಯಜಮಾನ್ರ, ಕುಡ್ಯಾಕ ನೀರ ಸಿಗತಾವೇನ್ರಿ?’

‘2015ರಿಂದ ನಾವೂ ಅದನ್ನ ಕೇಳಾಕತ್ತೇವ್ರಿ. ಮಹಾದಾಯಿ ಹೊಳಿ ನೀರ ಬಂದ್ರ ಕೊಡ್ತೇವಿ’ ಎಂದವರು, ನಗುತ್ತಾ ತಮ್ಮ ಚೀಲದಿಂದ ಬಾಟಲಿ ತೆಗೆದರು. ಅಷ್ಟರಲ್ಲಿ ಹಿಂದಿನಿಂದ ಡ್ರೈವರ್ ಹಾರ್ನ್ ಶುರು ಮಾಡಿದ.