ಅಫಿಶಿಯಲ್, ರಿಯಲ್, ಒರಿಜಿನಲ್

ವಿಕಿಪೀಡಿಯದ ಹೊಸ ಖಾತೆಗಳ ದಾಖಲೆಯನ್ನು ಯಾವ ಹೊತ್ತಿನಲ್ಲಾದರೂ ತೆರೆದು ನೋಡಿ, ಒಂದು ಸಮಾಧಾನ ಗ್ಯಾರಂಟಿ: ಜಗತ್ತಿನಲ್ಲಿ ಅಧಿಕೃತರಿಗೆ ಬರ ಬಂದಿಲ್ಲ. ತಾವೇ ಇಟ್ಟುಕೊಂಡ ಬಳಕೆದಾರ ಹೆಸರಿನಲ್ಲಿ ಒಬ್ಬರು ಅಫಿಶಿಯಲ್, ಇನ್ನೊಬ್ಬರು ರಿಯಲ್, ಮತ್ತೊಬ್ಬರು ಒರಿಜಿನಲ್ ಅಫಿಶಿಯಲ್. ಒರಿಜಿನಲ್ ಬಂದ ಮೇಲೆ ಬರೀ ಅಫಿಶಿಯಲ್ ಗತಿ ಏನಾಯಿತೋ! ಅವರ ಬೆನ್ನಿಗೇ ಅಡ್ಮಿನ್ 123 ಹಾಜರು. ಖಾತೆ ತೆರೆದು ನಾಲ್ಕು ನಿಮಿಷ ಆಗಿಲ್ಲ, ಒಂದು ಅಲ್ಪವಿರಾಮ ತಿದ್ದಿಲ್ಲ, ಆಗಲೇ ಹೆಸರಿನಲ್ಲಿ ನಿರ್ವಾಹಕ ಪದವಿ. ವರ್ಷಗಟ್ಟಲೆ ಲೇಖನ ತಿದ್ದಿ, ಸಮುದಾಯದ ಚರ್ಚೆಗೆ ಕೂತು, ಬೈಸಿಕೊಂಡು ಆ ಕೆಲಸ ಹೊತ್ತವರು ಪೆದ್ದರು. ಹೆಸರಿನ ಕೊನೆಗೆ 'ಬಾಟ್' ಅಂಟಿಸಿಕೊಳ್ಳುವ ಮನುಷ್ಯರೂ ಇದ್ದಾರೆ. ಆ ಬಾಲ ಸ್ವಯಂಚಾಲಿತ ಖಾತೆಗಳಿಗೆ ಮೀಸಲು ಎಂದು ತಿಳಿಸಿದರೆ ಯಂತ್ರಕ್ಕಿಂತ ವೇಗವಾಗಿ ಜಗಳಕ್ಕೆ ಬರುತ್ತಾರೆ.

ಇವರನ್ನೆಲ್ಲ ಮೀರಿಸಿದವರು ಪ್ರಚಾರ ವಿಭಾಗದವರು. ಕಂಪನಿಯ ಹೆಸರು, ಅದರ ಪಕ್ಕ 'ಪಿಆರ್ ಟೀಮ್'. ಮೊದಲ ಸಂಪಾದನೆ, ಅಂದರೆ ತಿದ್ದುಪಡಿ, ತಮ್ಮದೇ ಕಂಪನಿಯ ಲೇಖನದಲ್ಲಿ. 'ಕಂಪನಿ' ಎಂಬ ಬೋಳು ಪದದ ಹಿಂದೆ 'ಮುಂಚೂಣಿಯ' ಬಂದು ಕೂರುತ್ತದೆ, 'ವಿವಾದಗಳು' ಎಂಬ ವಿಭಾಗ ಮಾಯವಾಗುತ್ತದೆ. ಏನು ಬದಲಿಸಿದೆ ಎಂದು ಹೇಳುವ ಸಂಪಾದನೆಯ ಸಾರಾಂಶದಲ್ಲಿ ಎರಡೇ ಪದ: 'ಕಾಗುಣಿತ ತಿದ್ದಿದೆ'. ಪ್ರತಿ ಬದಲಾವಣೆಯನ್ನೂ ದಾಖಲಿಸುವ ಇತಿಹಾಸದ ಪುಟದಲ್ಲಿ ಮಾತ್ರ ಕೆಂಪು ದಪ್ಪಕ್ಷರದಲ್ಲಿ −4,218 ಬೈಟ್, ಅಂದರೆ ಅಷ್ಟು ಪಠ್ಯ ಕಡಿಮೆಯಾಗಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಂದರೆ ಸುಮಾರು 1,400 ಚಿಹ್ನೆಗಳ ಕಾಗುಣಿತ ಒಂದೇ ಏಟಿಗೆ ಶುದ್ಧವಾಯಿತು. ಇಷ್ಟು ಭಾಷಾಭಿಮಾನ ಯಾವ ವ್ಯಾಕರಣ ಪಂಡಿತರಲ್ಲಿ ಕಂಡೀತು?

ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೆ ಮದ್ದು ಸಿದ್ಧವಿದೆ. ಖಾತೆ ಒಬ್ಬ ವ್ಯಕ್ತಿಯದ್ದಾಗಿರಬೇಕು, ಸಂಸ್ಥೆಯದ್ದೋ ತಂಡದ್ದೋ ಅಲ್ಲ. 'ಇಂಥ ಕಂಪನಿಯ ಸುಮಾ' ಎಂದರೆ ನಡೆಯುತ್ತದೆ, ಬರೀ ಕಂಪನಿಯ ಹೆಸರಾದರೆ ಬ್ಲಾಕ್. ಹೆಸರಷ್ಟೇ ತಪ್ಪಾಗಿದ್ದರೆ ಮೆತ್ತಗಿನ ಬ್ಲಾಕ್, ಬೇರೆ ಹೆಸರಿನಲ್ಲಿ ಬರಬಹುದು. ಹೆಸರೂ ಬರಹವೂ ಜಾಹೀರಾತೇ ಆಗಿದ್ದರೆ ಗಟ್ಟಿ ಬ್ಲಾಕ್. ನಿಯಮದಲ್ಲಿ ಅರ್ಥವಿದೆ. ಬರೆದದ್ದರ ಶ್ರೇಯ, ಪಠ್ಯವನ್ನು ಮುಕ್ತವಾಗಿ ಹಂಚುವ ಪರವಾನಗಿಯ ಪ್ರಕಾರ, ಆ ಹೆಸರಿಗೇ ಸಲ್ಲುತ್ತದೆ, ಚರ್ಚಾಪುಟದಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬೇಕಾದದ್ದೂ ಆ ಹೆಸರೇ. ಒಂದು ಪಾಸ್‌ವರ್ಡನ್ನು ಐವರು ಹಂಚಿಕೊಂಡು, ಅವರಲ್ಲಿ ಮೂವರು ಕೆಲಸ ಬಿಟ್ಟ ಮೇಲೆ ಉತ್ತರ ಹೇಳುವವರು ಯಾರು?

ಆದರೆ ಫಲಿತಾಂಶದ ಸೊಗಸು ನೋಡಿ. ತಾನು ಯಾರೆಂದು ಹೆಸರಿನಲ್ಲೇ ಹೇಳಿಕೊಂಡ ದಡ್ಡ ಸಿಕ್ಕಿಬೀಳುತ್ತಾನೆ. ಅವನೇ ಮರುದಿನ 'ಮುಂಗಾರು ಹನಿ' ಎಂದು ಬಂದರೆ ಸ್ವಾಗತದ ಸಂದೇಶ ಸಿಗುತ್ತದೆ. 'ಮುಂಚೂಣಿಯ' ಮತ್ತೆ ಬಂದು ಕೂರುತ್ತದೆ. ದುಡ್ಡು ಪಡೆದು ಬರೆಯುವವರು ಯಾರ ಪರವಾಗಿ ಬರೆಯುತ್ತಿದ್ದೇವೆಂದು ತಿಳಿಸಲೇಬೇಕು ಎಂದು 2014ರ ಜೂನ್‌ನಲ್ಲಿ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮಗಳಲ್ಲೇ ಸೇರಿಸಿದ್ದಾರೆ. ಬಳಕೆದಾರ ಪುಟ, ಚರ್ಚಾಪುಟ, ಸಂಪಾದನೆಯ ಸಾರಾಂಶ, ಮೂರರಲ್ಲಿ ಎಲ್ಲಿ ಬರೆದರೂ ಸಾಕು. ಮುಂಗಾರು ಹನಿ ಮೂರೂ ಕಡೆ ಮೌನ. ಜರ್ಮನ್ ವಿಕಿಪೀಡಿಯದವರು ಈ ವಿಷಯದಲ್ಲಿ ಬೇರೆ ದಾರಿ ಹಿಡಿದರು. ಕಂಪನಿಯ ಹೆಸರೇ ಇರಲಿ, ನೀವೇ ಕಂಪನಿಯವರೆಂದು ಇಮೇಲಿನಿಂದ ಖಾತ್ರಿಪಡಿಸಿ ಎನ್ನುತ್ತಾರೆ. ಯಾರು ಮಾತಾಡುತ್ತಿದ್ದಾರೆಂದು ಓದುವವರಿಗೆ ಅಷ್ಟಾದರೂ ಗೊತ್ತಾಗುತ್ತದೆ.

ಮಾರುವೇಷದ ಮಾತು ಬಂತು. ಸಿರಿಲಿಕ್ ಲಿಪಿಯ 'ಎ' ಅಕ್ಷರ ರೋಮನ್ 'ಎ' ಥರವೇ ಕಾಣುತ್ತದೆ. ಅದನ್ನು ತುರುಕಿ ಇನ್ನೊಬ್ಬರ ಹೆಸರು ಕದಿಯುವ ಕಲೆ ಹಳೆಯದು. ಅದಕ್ಕೇ ಒಂದೇ ಹೆಸರಿನಲ್ಲಿ ಎರಡು ಲಿಪಿ ಬೆರೆಸಿದರೆ ತಂತ್ರಾಂಶ ಬಾಗಿಲಲ್ಲೇ ತಡೆಯುತ್ತದೆ. ಅರ್ಧ ಕನ್ನಡ ಅರ್ಧ ರೋಮನ್ ಹೆಸರು ಯಾಕೆ ಸಿಗುತ್ತಿಲ್ಲ ಎಂದು ಪರದಾಡುವವರು ಗಮನಿಸಿ. ನಮಗೆ ಮಾತ್ರ ಮೋಸಕ್ಕೆ ಪರದೇಶದ ಲಿಪಿ ಬೇಕಿಲ್ಲ, ನಮ್ಮ ಸೊನ್ನೆಯೇ ಸಾಕು. 'ರಂಗ' ಎಂದು ಅನುಸ್ವಾರ ಹಾಕಿ ಬರೆದದ್ದು ಒಂದು ಹೆಸರು, 'ರ೦ಗ' ಎಂದು ನಡುವೆ ಕನ್ನಡ ಅಂಕಿಯ ಸೊನ್ನೆ ಕುಟ್ಟಿದ್ದು ಇನ್ನೊಂದು. ಕಣ್ಣಿಗೆ ಎರಡೂ ಒಂದೇ. ಸೊನ್ನೆ ಕುಟ್ಟಿ ಖಾತೆ ತೆರೆದವರು ಬೇರೆ ಕೀಲಿಮಣೆಯಲ್ಲಿ ಸರಿಯಾದ ಅನುಸ್ವಾರ ಹಾಕಿ ಲಾಗಿನ್ ಮಾಡಲು ಹೋದರೆ ಬಾಗಿಲು ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತೆನೆಂದು ಹತ್ತು ಸಲ ಬದಲಿಸುತ್ತಾರೆ. ದೋಷ ಪಾಸ್‌ವರ್ಡಿನದ್ದಲ್ಲ, ಆ ಹೆಸರಿನ ಖಾತೆಯೇ ಇಲ್ಲ. ಅವರನ್ನು ಚರ್ಚೆಗೆ ಕರೆಯಲು ಯಾರಾದರೂ ಹೆಸರು ಟೈಪಿಸಿದರೆ ಕೊಂಡಿ ಕೆಂಪಾಗಿ ಸತ್ತು ಬಿದ್ದಿರುತ್ತದೆ, ಸೂಚನೆ ಹೋಗುವುದೇ ಇಲ್ಲ.

ಹುಟ್ಟಿದ ವರ್ಷ ಸೇರಿಸುವ ಮಕ್ಕಳು, ಮೊಬೈಲ್ ನಂಬರನ್ನೇ ಹೆಸರು ಮಾಡಿಕೊಳ್ಳುವ ದೊಡ್ಡವರು ಇದ್ದೇ ಇದ್ದಾರೆ. ಇಮೇಲ್ ವಿಳಾಸ ಮಾತ್ರ ಬಚಾವ್, '@' ಚಿಹ್ನೆಯನ್ನು ತಂತ್ರಾಂಶವೇ ಒಪ್ಪುವುದಿಲ್ಲ.

ಇಲ್ಲಿಯವರೆಗಿನದ್ದು ತಮಾಷೆ. ಇನ್ನೊಂದು ಜಾತಿಯ ಹೆಸರುಗಳಿವೆ: ಯಾರೋ ಒಬ್ಬ ಸಂಪಾದಕಿಯ ನಿಜನಾಮ, ಅದರ ಪಕ್ಕದಲ್ಲಿ ಕೊಳಕು ಬೈಗುಳ, ಕೆಲವೊಮ್ಮೆ ವಿಳಾಸವೂ. ಈ ಖಾತೆಯವನು ಒಂದಕ್ಷರ ತಿದ್ದಬೇಕಾಗಿಲ್ಲ. ಖಾತೆ ತೆರೆದ ಕ್ಷಣವೇ ಹೆಸರು ಸಾರ್ವಜನಿಕ ದಾಖಲೆಗೆ ಬೀಳುತ್ತದೆ, ಬ್ಲಾಕ್ ಮಾಡಿದರೆ ಬ್ಲಾಕ್ ದಾಖಲೆಯಲ್ಲೂ ಮತ್ತೊಮ್ಮೆ ಅಚ್ಚಾಗುತ್ತದೆ. ಅದನ್ನು ಎಲ್ಲ ಭಾಷೆಗಳ ವಿಕಿಗಳಿಂದ ಅಡಗಿಸಲು ಸ್ಟೀವರ್ಡ್ ಎಂಬ, ಬಿಡಿಗಾಸೂ ಸಂಬಳವಿಲ್ಲದ ಸ್ವಯಂಸೇವಕರು ಬರಬೇಕು. ಅವರು ಬರುವವರೆಗೆ ಆ ಹೆಣ್ಣುಮಗಳ ಹೆಸರು ಅಲ್ಲೇ ಇರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಬ್ಲಾಕ್ ಆದವನು ಸಂಜೆಗೆ ಹೊಸ ಬೈಗುಳದೊಂದಿಗೆ ವಾಪಸ್ ಬರುತ್ತಾನೆ. ವಾಕ್ ಸ್ವಾತಂತ್ರ್ಯದ ಬಗ್ಗೆ ಅವನಿಗೊಂದು ಭಾಷಣವೂ ಬಾಯಿಪಾಠ.

ತಪ್ಪು ಹೆಸರಿಟ್ಟು ಪಶ್ಚಾತ್ತಾಪಪಡುವ ಸಜ್ಜನರಿಗೆ ಮರುನಾಮಕರಣ ಇದೆ. ಖಾತೆ ಅಳಿಸಿ ಎನ್ನಬೇಡಿ, ಬರೆದದ್ದರ ಶ್ರೇಯ ಯಾರಿಗಾದರೂ ಸಲ್ಲಬೇಕಾದ್ದರಿಂದ ಖಾತೆ ಅಳಿಯುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಎಲ್ಲ ವಿಕಿಗಳಿಗೂ ಒಂದೇ ಖಾತೆ ಎಂಬ ವ್ಯವಸ್ಥೆ ಪೂರ್ತಿಯಾಯಿತು, ಹಾಗಾಗಿ ಒಂದೇ ಅರ್ಜಿ ಸಾಕು. ಬೇಕಾದ ಹೆಸರು ಬೇರೆ ಭಾಷೆಯ ವಿಕಿಯಲ್ಲಿ ಯಾರದೋ ಪಾಲಾಗಿದೆಯೇ ಎಂದು ಮೊದಲೇ ಹುಡುಕಿ ನೋಡಿ. ಇತಿಹಾಸದ ಪುಟಗಳಲ್ಲಿ ಹೆಸರು ತಾನಾಗಿ ಬದಲಾಗುತ್ತದೆ. ಚರ್ಚೆಗಳಲ್ಲಿ ಹಾಕಿದ ಹಳೆ ಸಹಿಗಳು ಬರೀ ಪಠ್ಯ, ಅವು ಇದ್ದಂತೆಯೇ ಇರುತ್ತವೆ. ಹಿಂದೆಲ್ಲ ಬಿಟ್ಟ ಹೆಸರು ಖಾಲಿ ಬಿದ್ದಿರುತ್ತಿತ್ತು, ಅದನ್ನೂ ನೀವೇ ಮತ್ತೆ ನೋಂದಾಯಿಸಿಡಿ ಎಂದು ಸಲಹೆ ಕೊಡುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಇನ್ನೊಬ್ಬ ಬಂದು ಆ ಹೆಸರು ಹಿಡಿದು ಕೂತ ಮೇಲೆ, ಹಿಂದೆ ಮಾಡಿದ ಜಗಳಗಳಿಗೆಲ್ಲ ಉತ್ತರ ಹೇಳಬೇಕಾದವನು ಅವನೇ ಎಂಬಂತೆ ಕಾಣುತ್ತಿತ್ತು. ಪಾಪ, ಅವನು ಇನ್ನೂ ಮೊದಲ ವಾಕ್ಯ ಬರೆದಿರುತ್ತಿರಲಿಲ್ಲ.