ಕೊರಿಯಾದಲ್ಲೇ ಇದ್ದು ಕೊರಿಯಾದ ಹಾಡು ಕೇಳದವರಿಗೆ

ಸಿಯೋಲ್ ಹತ್ತಿರದ ಸುವೋನ್ ಊರಿನ ಸುತ್ತಮುತ್ತ ಇರುವ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಆಗಾಗ ಒಂದು ಮಾತು ಬರುತ್ತದೆ. "ಈ ಕೆ-ಪಾಪ್‌ನಲ್ಲಿ ಅಂಥದ್ದೇನಿದೆ ಮಾರಾಯ್ರೆ, ಎಲ್ಲಾ ಒಂದೇ ಥರ ಕೇಳಿಸುತ್ತೆ." ಕೆಳಗೆ ಸಾಲಾಗಿ ಹೆಬ್ಬೆಟ್ಟು ಬೀಳುತ್ತವೆ. ಹೀಗೆ ಹೆಬ್ಬೆಟ್ಟು ಒತ್ತುವವರು ಇಲ್ಲಿಗೆ ಬಂದು ನಾಲ್ಕೈದು ವರ್ಷ ಆಗಿರುತ್ತದೆ. ಬಸ್ಸು, ಮೆಟ್ರೋ ಎಲ್ಲಾ ಬಾಯಿಪಾಠ. ಕಿಮ್ಚಿ ಇಲ್ಲದೆ ಊಟ ಸೇರದಷ್ಟು ಒಗ್ಗಿಹೋಗಿದ್ದಾರೆ. ಹಾಡು ಮಾತ್ರ ಅಂಗಡಿ ಮುಂದಿನ ಸ್ಪೀಕರ್‌ನಿಂದ ಕಿವಿಗೆ ಬಿದ್ದಷ್ಟೇ. ಅತ್ತ ಮೈಸೂರಿನಲ್ಲಿ ಕೂತಿರುವ ನನ್ನ ಅಕ್ಕನ ಮಗಳಿಗೆ ಇವರಿಗಿಂತ ಜಾಸ್ತಿ ಗೊತ್ತು.

ಇನ್ನೊಂದು ಪಂಗಡ ಇದೆ. ಇವರು ಸಿಯೋಲ್‌ನ ಹೊಂಗ್ದೇ ಕಡೆ ನೆಲಮಾಳಿಗೆ ಕ್ಲಬ್ಬುಗಳಲ್ಲಿ ಸಿಗುತ್ತಾರೆ. ಯುರೋಪು, ಅಮೆರಿಕದವರೂ ಇರುತ್ತಾರೆ, ನಮ್ಮವರೂ ಇರುತ್ತಾರೆ. ಕೈಯಲ್ಲಿ ಬಿಯರ್ ಹಿಡಿದು, "ಟಿವಿಯಲ್ಲಿ ಕುಣಿಯೋದೆಲ್ಲ ಫ್ಯಾಕ್ಟರಿ ಮಾಲು, ನಿಜವಾದ ಕೊರಿಯಾ ಅಂದ್ರೆ ಇದು" ಅಂತ ಹೊಸಬರಿಗೆ ಪಾಠ ಮಾಡುತ್ತಾರೆ. ನನಗೆ ಮೊದಲನೆಯವರಿಗಿಂತ ಇವರ ಮೇಲೆ ಸಿಟ್ಟು ಜಾಸ್ತಿ. ಕೇಳದೇ ಇರುವವರನ್ನು ಕೂರಿಸಿ ಕೇಳಿಸಬಹುದು. ಅರ್ಧ ಕೇಳಿ ತೀರ್ಪು ಕೊಟ್ಟವರ ಹತ್ತಿರ ಏನು ಮಾತಾಡುವುದು?

ನನ್ನ ಪ್ರಕಾರ ಇಲ್ಲಿ ಐಡಲ್ (ಕಂಪನಿಗಳು ತರಬೇತಿ ಕೊಟ್ಟು ತಯಾರಿಸುವ ತಾರೆಯರು), ಇಂಡಿ (ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡುವವರು), ಹಳೇ ಹಾಡು ಅಂತ ಗೋಡೆ ಕಟ್ಟಿಕೊಳ್ಳುವುದು ಹೊರಗಿನಿಂದ ಬಂದ ನಾವೇ. ಇಲ್ಲಿನವರು ಅಷ್ಟು ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಇದು ಗೊತ್ತಾಗಬೇಕಾದರೆ ಆಫೀಸಿನವರ ಜೊತೆ ನೊರೆಬಾಂಗ್‌ಗೆ, ಅಂದರೆ ಇಲ್ಲಿನ ಕರಾಒಕೆ ರೂಮಿಗೆ ಹೋಗಬೇಕು. ಊಟ ಆಗಿ, ಇಲ್ಲಿನ ಮದ್ಯ ಸೋಜು ಆಗಿ, ಎಲ್ಲರೂ ಆ ಸಣ್ಣ ರೂಮಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವುದು, ಒಂದು ಖಂಜಿರ ಕೈಯಿಂದ ಕೈಗೆ ಹೋಗುವುದು, ಪರದೆ ಮೇಲೆ ಹಾಡಿಗೂ ತನಗೂ ಸಂಬಂಧವೇ ಇಲ್ಲದ ಯಾವುದೋ ಸಮುದ್ರದ ದಂಡೆ. ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ಬುಜಾಂಗ್‌ನಿಮ್, ಆಫೀಸಿನಲ್ಲಿ ಒಂದು ಮಾತು ಹೆಚ್ಚು ಆಡುವವರಲ್ಲ. ಅವತ್ತು ಕೋಟು ಬಿಚ್ಚಿ ನೀಟಾಗಿ ಮಡಚಿಟ್ಟು, ಮೈಕ್ ಹಿಡಿದು, ಕಣ್ಣು ಮುಚ್ಚಿ ಸಾನುಲ್ಲಿಮ್ ಬ್ಯಾಂಡಿನ ಒಂದು ಹಾಡು ಹಾಡಿದರು. ಶ್ರುತಿ ಅಷ್ಟಕ್ಕಷ್ಟೇ. ಆದರೆ ಮೂಲೆಯಲ್ಲಿ ಕೂತಿದ್ದ, ಅವರ ಅರ್ಧ ವಯಸ್ಸಿನ ಹುಡುಗಿಯರೂ ಒಂದಕ್ಷರ ಬಿಡದೆ ಜೊತೆಗೆ ಹಾಡಿದರು! ಕೊನೆಗೆ ಮಶೀನು ಕಹಳೆ ಊದಿ ತೊಂಬತ್ತರ ಮೇಲೆ ಅಂಕ ಕೊಟ್ಟಿತು. ಈ ಮಶೀನುಗಳಿಗೆ ಕರುಣೆ ಜಾಸ್ತಿ.

ಸಾನುಲ್ಲಿಮ್ ಅಂದರೆ ಮೂವರು ಅಣ್ಣತಮ್ಮಂದಿರ ಬ್ಯಾಂಡ್. ಮೊದಲ ಆಲ್ಬಂ ಬಂದದ್ದು 1977ರಲ್ಲಿ. ಪಾರ್ಕ್ ಚುಂಗ್-ಹೀ ಸರ್ವಾಧಿಕಾರದ ಕಾಲ. ಅದಕ್ಕೆ ಎರಡು ವರ್ಷ ಮುಂಚೆ ಸರ್ಕಾರ ರಾಶಿ ಹಾಡುಗಳನ್ನು ನಿಷೇಧಿಸಿತ್ತು. ಕೊರಿಯನ್ ರಾಕ್‌ನ ದೊಡ್ಡಣ್ಣ ಶಿನ್ ಜುಂಗ್-ಹ್ಯೊನ್‌ರನ್ನು ಗಾಂಜಾ ಕೇಸಿನಲ್ಲಿ ಒಳಗೆ ಹಾಕಿತ್ತು. ಪಾರ್ಕ್‌ನನ್ನು ಹೊಗಳಿ ಹಾಡು ಬರೆದುಕೊಡಿ ಅಂದಾಗ ಆಗಲ್ಲ ಅಂದಿದ್ದ ಮನುಷ್ಯ ಅವರು. ಅಂಥ ಕಾಲದಲ್ಲಿ ಈ ಮೂವರು ಗುರ್ ಅನ್ನುವ ಗಿಟಾರ್ ಇಟ್ಟುಕೊಂಡು, ಪಕ್ಕದ ಮನೆ ಹುಡುಗ ಮಾತಾಡಿದ ಹಾಗೆ ಹಾಡಿದರು. ಹಿರಿಯಣ್ಣ ಕಿಮ್ ಚಾಂಗ್-ವಾನ್ ಮುಂದೆ ನಟನೂ ಆದರು. ಕೊರಿಯನ್ ಡ್ರಾಮಾ ನೋಡುವವರಾದರೆ ಆ ಮುಖ ನಿಮಗೂ ಪರಿಚಯ ಇರುತ್ತದೆ. ಸರಿ, ಆ ಹುಡುಗಿಯರಿಗೆ ಹಾಡು ಹೇಗೆ ಗೊತ್ತು? ಐಯು 2014ರಲ್ಲಿ ಹಳೇ ಹಾಡುಗಳ ಒಂದು ಆಲ್ಬಂ ಮಾಡಿ, ಇದನ್ನು ಕಿಮ್ ಚಾಂಗ್-ವಾನ್ ಜೊತೆಯಲ್ಲೇ ಹಾಡಿದ್ದಾಳೆ. ಐಯು ಅಂದರೆ ಚಾರ್ಟ್‌ನಲ್ಲಿ ಸದಾ ಮೇಲಿರುವ ಪಾಪ್ ತಾರೆ. ಈಗ ಹೇಳಿ, ಈ ಹಾಡನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಇನ್ನು ವಸಂತ ಬಂತೆಂದರೆ ಎಲ್ಲಿ ನೋಡಿದರೂ ಬಸ್ಕರ್ ಬಸ್ಕರ್ ಬ್ಯಾಂಡಿನ ಚೆರ್ರಿ ಹೂವಿನ ಹಾಡು. 2012ರ ಹಾಡು. ಪ್ರತಿ ಮಾರ್ಚ್-ಏಪ್ರಿಲ್‌ನಲ್ಲಿ ಮತ್ತೆ ಚಾರ್ಟ್ ಹತ್ತುತ್ತದೆ, ಬರೆದವನಿಗೆ ದುಡ್ಡು ಬರುತ್ತಲೇ ಇರುತ್ತದೆ. ಜನ ಅದನ್ನು ಚೆರ್ರಿ ಪೆನ್ಶನ್ ಅಂತಲೇ ಕರೆಯುತ್ತಾರೆ. ಆ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವನು ಬ್ರಾಡ್ ಮೂರ್, ಚೊನಾನ್ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ಅಮೆರಿಕದವನು. ನಮ್ಮ ಹಾಗೇ ವೀಸಾ ಮೇಲೆ ಬಂದವನು. ಹೊರಗಿನವರಿಗೆ ಇಲ್ಲಿ ಜಾಗ ಇಲ್ಲ ಅನ್ನುವವರು ಇದನ್ನೊಂದು ನೆನಪಿಟ್ಟುಕೊಳ್ಳಿ.

"ಭಾಷೆ ಅರ್ಥ ಆಗಲ್ವಲ್ಲ" ಅಂತೀರಾ? ಬೆಂಗಳೂರಿನಲ್ಲಿ ತಮಿಳು ಬಾರದೆಯೇ ಇಳಯರಾಜಾ ಹಾಡು ಗುನುಗಿದವರು ನಾವು. ಅವಾಗ ಇಲ್ಲದ ನಿಯಮ ಈಗ ಎಲ್ಲಿಂದ ಬಂತು?

ಅರ್ಥವೇ ಬೇಕು ಅಂತಿದ್ದರೆ ಲೀನಾಲ್ಚಿ ಅನ್ನುವ ಬ್ಯಾಂಡ್ ಕೇಳಿ. ಮಾಮೂಲಿ ಗಿಟಾರ್ ಇಲ್ಲ. ತಗ್ಗು ಸ್ವರದ ಎರಡು ಬೇಸ್ ಗಿಟಾರ್, ಒಂದು ಡ್ರಮ್ಸ್, ಮೇಲೆ ಪಾನ್ಸೋರಿ ಕಲಿತ ಗಾಯಕರು. ಪಾನ್ಸೋರಿ ಇಲ್ಲಿನ ಹಳೇ ಕಥನ ಗಾಯನ. ಒಬ್ಬರು ಹಾಡುತ್ತಾರೆ, ಒಬ್ಬರು ಡೋಲು ಹಿಡಿಯುತ್ತಾರೆ, ಕಥೆ ಗಂಟೆಗಟ್ಟಲೆ ಸಾಗುತ್ತದೆ. 2020ರಲ್ಲಿ ಪ್ರವಾಸೋದ್ಯಮದ ಜಾಹೀರಾತಿಗೆ ಇವರ ಹಾಡು ಹಾಕಿ, ಬಣ್ಣಬಣ್ಣದ ಬಟ್ಟೆ ತೊಟ್ಟ ಡ್ಯಾನ್ಸರ್‌ಗಳನ್ನು ಸಿಯೋಲ್ ಬೀದಿಗಳಲ್ಲಿ ಕುಣಿಸಿದ್ದರು, ನಿಮ್ಮ ಫೋನಿಗೂ ಬಂದಿರುತ್ತದೆ. ಹಾಡು ಬಂದಿರುವ ಕಥೆ ಏನು ಗೊತ್ತಾ? ಸಮುದ್ರದ ರಾಜನಿಗೆ ಕಾಯಿಲೆ. ಮೊಲದ ಪಿತ್ತಜನಕಾಂಗ ತಿಂದರೆ ವಾಸಿ. ಆಮೆ ದಂಡೆಗೆ ಬಂದು ಮೊಲಕ್ಕೆ ಆಸೆ ತೋರಿಸಿ ನೀರೊಳಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಹೋದ ಮೇಲೆ ವಿಷಯ ತಿಳಿದ ಮೊಲ, "ಅಯ್ಯೋ, ಅದನ್ನ ಮನೇಲೇ ಬಿಟ್ಟು ಬಂದೆನಲ್ಲ" ಅನ್ನುತ್ತದೆ. ಹೌದು ಸ್ವಾಮಿ, ನಮ್ಮ ಕೋತಿ-ಮೊಸಳೆ ಕಥೆಯೇ! ಜಾತಕ ಕಥೆಗಳಲ್ಲಿದ್ದದ್ದು ಬೌದ್ಧ ಧರ್ಮದ ಜೊತೆ ಪೂರ್ವಕ್ಕೆ ನಡೆದು ಇಲ್ಲಿ ಮೊಲ-ಆಮೆ ಆಗಿದೆ. ನೇರಳೆ ಮರದ ಮೇಲಿನ ಕೋತಿ ಹೃದಯವನ್ನು ಮರದಲ್ಲೇ ಬಿಟ್ಟು ಬಂದೆ ಅಂದದ್ದನ್ನು ಅಜ್ಜಿ ಬಾಯಲ್ಲಿ ಕೇಳಿ ಬೆಳೆದವರು, ಅದೇ ಕಥೆಗೆ ಎರಡು ಬೇಸ್ ಗಿಟಾರ್ ಗುಮ್ಮುವುದನ್ನು ಕೇಳಿ "ಎಲ್ಲಾ ಒಂದೇ ಥರ" ಅಂದರೆ ನಾನೇನು ಹೇಳಲಿ? ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಬ್ಯಾಂಡ್ ಕಟ್ಟಿಕೊಂಡು ಹಾಡಿದಾಗ ಕುಣಿದವರು ನೀವೇ ಅಲ್ವಾ?

ಇನ್ನು ಹೊಂಗ್ದೇ. ಈಗ ಬಟ್ಟೆ ಅಂಗಡಿ, ಸೆಲ್ಫಿ ಬೂತು ಜಾಸ್ತಿ. 90ರ ದಶಕದಲ್ಲಿ ಇಲ್ಲಿ ಡ್ರಗ್ ಅನ್ನುವ ಕ್ಲಬ್ಬಿನಲ್ಲಿ ಕ್ರೈಯಿಂಗ್ ನಟ್ ಥರದ ಪಂಕ್ ಬ್ಯಾಂಡುಗಳು ಹುಟ್ಟಿಕೊಂಡವು. 2008ರಲ್ಲಿ ಜಾಂಗ್ ಕಿ-ಹಾ ಅಗ್ಗದ ಕಾಫಿ ಕುಡಿದು ಎದೆಯುರಿ ತಂದುಕೊಳ್ಳುವ ಹುಡುಗನ ಹಾಡು ಮಾಡಿದ. ಅವನ ಬಳಗದವರು ಸಿಡಿಗಳನ್ನು ತಾವೇ ಬರ್ನ್ ಮಾಡಿ, ಕೈಯಾರೆ ಕವರು ಹಾಕಿ ಮಾರಿದರು. ಕೆಲಸ ಸಿಗದ ಒಂದು ತಲೆಮಾರು ಪೂರ್ತಿ ಅದನ್ನು ತನ್ನದೇ ಹಾಡು ಅಂದುಕೊಂಡಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದುರಿಬಾನ್ ಕಥೆ. ಅದು ಹೊಂಗ್ದೇ ಸ್ಟೇಶನ್ ಹತ್ತಿರದ ಒಂದು ಕಲ್‌ಗುಕ್ಸು (ಕೊರಿಯದ ನೂಡಲ್ಸ್ ಸಾರು) ಹೋಟೆಲ್. ಸೊಂಟ ಬಗ್ಗಿಸಿ ದುಡಿದ ಸಂಸಾರವನ್ನು 2009ರ ಕ್ರಿಸ್‌ಮಸ್ ಹಿಂದಿನ ದಿನ, ಜಾಗ ಅಭಿವೃದ್ಧಿಗೆ ಬೇಕು ಅಂತ ಹೊರಗೆ ಹಾಕಿದರು. ಹೋಟೆಲಿನ ಒಡತಿ ತಗಡಿನ ಬೇಲಿ ಒಡೆದು ಮತ್ತೆ ಒಳಗೆ ಹೋಗಿ ಕೂತರು. ಆಗ ಬಂದವರು ಯಾರು? ಅದೇ ಬೀದಿಯ ಬ್ಯಾಂಡುಗಳು. ಬಾಡಿಗೆ ಏರಿ ತಾವೂ ಜಾಗ ಕಳೆದುಕೊಳ್ಳುತ್ತಿದ್ದವರು. ಕರೆಂಟು ಕಿತ್ತರೂ ಬಿಡಲಿಲ್ಲ, ವಾರವಾರ ಅಲ್ಲೇ ಸಂಗೀತ ಕಚೇರಿ ನಡೆಸಿದರು. 2010ರ ಮೇ 1ರಂದು 51 ಬ್ಯಾಂಡು ಸೇರಿಸುತ್ತೇವೆ ಅಂತ ಹಬ್ಬವನ್ನೇ ಮಾಡಿದರು. 531 ದಿನ ಆದ ಮೇಲೆ, 2011ರ ಜೂನ್‌ನಲ್ಲಿ, ಹತ್ತಿರದಲ್ಲೇ ಹೋಟೆಲ್ ಮತ್ತೆ ತೆರೆಯಲು ಒಪ್ಪಂದ ಆಯಿತು. ಕೊರಿಯಾದಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಾರೆ ಅಂತ ಭಾಷಣ ಮಾಡುವ ನಮ್ಮ ಮ್ಯಾನೇಜರ್‌ಗಳು ಇದನ್ನೂ ಒಮ್ಮೆ ಓದಲಿ.

ಆದರೂ ಈ ಸಂಗೀತದವರ ಕೈಯಲ್ಲಿ ಕಾಸಿಲ್ಲ. ಲೀ ಲಾಂಗ್ ಅನ್ನುವ ಗಾಯಕಿಗೆ 2017ರಲ್ಲಿ ಕೊರಿಯನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಫೋಕ್ ಹಾಡಿನ ವಿಭಾಗದ ಪ್ರಶಸ್ತಿ ಬಂತು. ವೇದಿಕೆ ಮೇಲೇ ನಿಂತು, ಜನವರಿಯಲ್ಲಿ ನನ್ನ ಸಂಪಾದನೆ 4,20,000 ವೋನ್, ಬಾಡಿಗೆ 5,00,000 ವೋನ್ ಅಂತ ಹೇಳಿ, ಕೈಯಲ್ಲಿದ್ದ ಟ್ರೋಫಿಯನ್ನು ಅಲ್ಲೇ ಹರಾಜಿಗಿಟ್ಟಳು! 5,00,000ಕ್ಕೆ ಹೋಯಿತು.

ಹಾಗಾಗಿ ಸಂಜೆ ಹೊರಟರೆ ದುಡ್ಡು ಕೊಟ್ಟು ಕೇಳಿ. ಹೊಂಗ್ದೇ ಪಕ್ಕದ ಸಾಂಗ್ಸು ಕಡೆ ಜೆಬಿ ದಬಾಂಗ್ ಅಂತ ಒಂದು ಕೆಫೆ ಇದೆ. ನೆಲಮಾಳಿಗೆಯಲ್ಲಿ ಹಾಡುತ್ತಾರೆ, ನಡುವೆ ನೆಲ ಕೊರೆದಿರುವುದರಿಂದ ಮೇಲಿನಿಂದ ಬಗ್ಗಿಯೂ ನೋಡಬಹುದು. ಅಂಥ ಕಡೆ ಹಾಡುವವರಿಗೆ ಕಾಸು ಹಾಕುವ ಡಬ್ಬಿ ಬಂದಾಗ ಚಿಲ್ಲರೆ ಹುಡುಕಬೇಡಿ, ಹತ್ತು ಸಾವಿರ ವೋನ್ ನೋಟು ಹಾಕಿ. ಸಿಡಿ ಪ್ಲೇಯರ್ ಇಲ್ಲದಿದ್ದರೂ ಒಂದು ಸಿಡಿ ತಗೊಳ್ಳಿ. ಬ್ಯಾಂಡಿನ ಹುಡುಗರೇ ಮಾರುತ್ತಿರುತ್ತಾರೆ, ಮಾತಾಡಿಸಿದರೆ ಖುಷಿಪಡುತ್ತಾರೆ. ಯಾರಾದರೂ ಬರುವುದಾದರೆ ಕಾಮೆಂಟಿನಲ್ಲಿ ಹೇಳಿ, ಶುಕ್ರವಾರ ಸುವೋನ್‌ನಿಂದ ಒಟ್ಟಿಗೇ ಹೋಗೋಣ. ಕೊನೇ ಟ್ರೈನಿಗೆ ಮುಂಚೆ ಎದ್ದು ಬರಬೇಕು, ಅದೊಂದೇ ಷರತ್ತು.