ಸೂಜಿಯಿಂದ ನೋವು ಇಳಿಯಬಹುದು, ಶುಗರ್ ಅಲ್ಲ

ಜಯನಗರ, ಬಸವನಗುಡಿ, ರಾಜಾಜಿನಗರ ಕಡೆ ಓಡಾಡುವಾಗ ಅಕ್ಯುಪಂಕ್ಚರ್, ಅಂದರೆ ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆಯ ಬೋರ್ಡು ಕಂಡರೆ ಒಮ್ಮೆ ನಿಂತು ಪೂರ್ತಿ ಓದಿ. ಮೇಲಿನ ಸಾಲಿನಲ್ಲಿ ಸೊಂಟ ನೋವು, ಮಂಡಿ ನೋವು, ಮೈಗ್ರೇನ್. ಅಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ. ಕೆಳಗೆ ಬರುತ್ತಾ ಬರುತ್ತಾ ಶುಗರ್, ಥೈರಾಯ್ಡ್, ಬಂಜೆತನ ಎಲ್ಲಾ ಸೇರಿಕೊಂಡಿರುತ್ತವೆ. ನನ್ನ ಜಗಳ ಆ ಕೆಳಗಿನ ಸಾಲುಗಳ ಜೊತೆ.

ಈ ವಿಷಯ ಎತ್ತಿದರೆ ನಮ್ಮಲ್ಲಿ ಎರಡೇ ಪಾರ್ಟಿ. "ಸಾವಿರಾರು ವರ್ಷದ ವಿದ್ಯೆ, ಸುಮ್ನೆ ಉಳಿದುಕೊಂಡಿದೆಯಾ?" ಅನ್ನುವವರು ಒಂದು ಕಡೆ. "ಎಲ್ಲಾ ಬೋಗಸ್" ಅನ್ನುವವರು ಇನ್ನೊಂದು ಕಡೆ. ಗುಣ ಆಯಿತು ಅಂದರೆ ಯಾವುದಕ್ಕೆ ಹೋಲಿಸಿದರೆ ಗುಣ ಆಯಿತು ಎಂದು ಮಾತ್ರ ಇಬ್ಬರೂ ಕೇಳುವುದಿಲ್ಲ.

ಜರ್ಮನಿಯಲ್ಲಿ ಸೊಂಟ ನೋವಿನ 1,162 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಶಾಸ್ತ್ರದ ಪ್ರಕಾರ ಅಕ್ಯುಪಂಕ್ಚರ್. ಇನ್ನೊಂದು ಗುಂಪಿಗೆ ಸಂಬಂಧವೇ ಇಲ್ಲದ ಜಾಗಗಳಲ್ಲಿ ಮೇಲುಮೇಲೆ ಚುಚ್ಚಿದ ಸೂಜಿ, ಅಂದರೆ ಸುಳ್ಳು ಸೂಜಿ. ಮೂರನೆಯವರಿಗೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ, ಅಂದರೆ ಮಾಮೂಲಿ ಚಿಕಿತ್ಸೆ. ಆರು ತಿಂಗಳಾದ ಮೇಲೆ ನೋಡಿದರೆ ಸರಿಯಾದ ಸೂಜಿಯಿಂದ ಶೇ. 47.6 ಜನಕ್ಕೆ ಗುಣ ಕಂಡಿತ್ತು, ಸುಳ್ಳು ಸೂಜಿಯಿಂದ ಶೇ. 44.2, ಮಾಮೂಲಿ ಚಿಕಿತ್ಸೆಯಿಂದ ಶೇ. 27.4. ಮೊದಲ ಪಾರ್ಟಿಯವರು ಮೊದಲನೆಯ ಮತ್ತು ಕೊನೆಯ ಅಂಕಿ ಮಾತ್ರ ತೋರಿಸುತ್ತಾರೆ. ಎರಡನೇ ಪಾರ್ಟಿಯವರು ಮೊದಲಿನ ಎರಡು ಮಾತ್ರ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ತಾನೇ ಮಜಾ ಇರುವುದು?

ಸುಳ್ಳು ಸೂಜಿ ಎಂದರೆ ನಾನಾ ಥರ ಇದೆ. ಕೆಲವು ಪರೀಕ್ಷೆಗಳಲ್ಲಿ ನಾಟಕದ ಚೂರಿಯ ಹಾಗೆ ಒತ್ತಿದರೆ ಹಿಡಿಯೊಳಗೇ ಸರಿಯುವ ಸೂಜಿ ಬಳಸುತ್ತಾರೆ. ಚರ್ಮಕ್ಕೆ ತಾಗುತ್ತದೆ, ಒಳಗೆ ಹೋಗುವುದಿಲ್ಲ. ರೋಗಿಗೆ ಗೊತ್ತಾಗುವುದಿಲ್ಲ, ಆದರೆ ಚುಚ್ಚುವವರಿಗೆ ಗೊತ್ತಿರುತ್ತದಲ್ಲ, ಈ ಪರೀಕ್ಷೆಗಳ ದೊಡ್ಡ ತಲೆನೋವು ಅದೇ.

ಸುಳ್ಳು ಸೂಜಿಗೂ ನಿಜವಾದ ಸೂಜಿಗೂ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ, ಸ್ವಲ್ಪ. 2018ರಲ್ಲಿ 39 ಪರೀಕ್ಷೆಗಳ 20,827 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ ಬೆನ್ನು, ಕುತ್ತಿಗೆ, ಮಂಡಿ, ತಲೆನೋವುಗಳಲ್ಲಿ ನಿಜವಾದ ಸೂಜಿ ತುಸು ಮುಂದೆ ಇತ್ತು. ಮೈಗ್ರೇನ್ ಬಗ್ಗೆ, ಇಂಥ ಪರೀಕ್ಷೆಗಳನ್ನೆಲ್ಲಾ ಒಟ್ಟಿಗೆ ಇಟ್ಟು ಅಳೆದು ನೋಡುವ ಕೊಕ್ರೇನ್ ಸಂಸ್ಥೆಯವರು 2016ರಲ್ಲಿ ನೋಡಿದಾಗಲೂ ಹೀಗೇ. ನಿಜವಾದ ಸೂಜಿಯಿಂದ ನೂರರಲ್ಲಿ ಸುಮಾರು 50 ಜನಕ್ಕೆ ತಲೆನೋವು ಬರುವುದು ಅರ್ಧಕ್ಕರ್ಧ ಕಡಿಮೆಯಾಗಿತ್ತು, ಸುಳ್ಳು ಸೂಜಿಯಿಂದ 41 ಜನಕ್ಕೆ. ಇಂಗ್ಲೆಂಡಿನಲ್ಲಿ ವೈದ್ಯರಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2012ರಲ್ಲಿ ತಲೆನೋವಿಗೆ ಇದನ್ನು ಪ್ರಯತ್ನಿಸಬಹುದು ಎಂದಿತು. 2016ರಲ್ಲಿ ಅದೇ ಸಂಸ್ಥೆ ಸೊಂಟ ನೋವಿಗೆ ಬೇಡ ಎಂದಿತು! ಒಂದೇ ಸೂಜಿ, ಒಂದೇ ಸಂಸ್ಥೆ, ಕಾಯಿಲೆಗೊಂದು ಉತ್ತರ.

ಹಾಗಾದರೆ ಸುಳ್ಳು ಸೂಜಿಯಿಂದಲೂ ಅಷ್ಟೊಂದು ಜನಕ್ಕೆ ಯಾಕೆ ಗುಣ ಆಗುತ್ತದೆ? ನನಗೆ ತುಂಬಾ ಹಿಡಿಸಿದ ಪರೀಕ್ಷೆ ಇದರ ಬಗ್ಗೆಯೇ ಇದೆ. 2008ರದ್ದು, ಅಮೆರಿಕದ್ದು. ಹೊಟ್ಟೆ ನೋವು, ಭೇದಿ ಇಲ್ಲವೇ ಮಲಬದ್ಧತೆಯಿಂದ ಪದೇ ಪದೇ ಕಾಡುವ ಐಬಿಎಸ್ ಕಾಯಿಲೆಯ ರೋಗಿಗಳು 262 ಜನ. ನಿಜವಾದ ಸೂಜಿ ಯಾರಿಗೂ ಇಲ್ಲ. ಸುಮ್ಮನೆ ಸರದಿಗೆ ಕಾಯುತ್ತಿದ್ದವರಲ್ಲಿ ಶೇ. 28 ಜನ ಸಾಕಷ್ಟು ಆರಾಮ ಎಂದರು. ಜಾಸ್ತಿ ಮಾತಾಡದೆ ಸುಳ್ಳು ಸೂಜಿ ಹಾಕಿದಾಗ ಶೇ. 44. ಸುಳ್ಳು ಸೂಜಿಯ ಜೊತೆಗೆ ಕೂರಿಸಿಕೊಂಡು, ಮುತುವರ್ಜಿಯಿಂದ ಕಷ್ಟ ಕೇಳಿ ಧೈರ್ಯ ಹೇಳಿದಾಗ ಶೇ. 62.

ಇದನ್ನು ಓದಿದಾಗ ಹನುಮಂತನಗರದ ನಮ್ಮ ಚಿಕ್ಕಮ್ಮ ನೆನಪಾದರು. ಅವರಿಗೆ ಮಂಡಿ ನೋವು. ಮೂಳೆ ಡಾಕ್ಟರ ಹತ್ತಿರ ಟೋಕನ್ ಹಿಡಿದು ಅರ್ಧ ದಿನ ಕೂತರೆ ಒಳಗೆ ಎರಡು ನಿಮಿಷ. ಎಕ್ಸ್‌ರೇ ಮೇಲೆತ್ತಿ ನೋಡಿ, "ಸವೆದಿದೆ, ತೂಕ ಇಳಿಸಿ" ಎಂದರೆ ಮುಗಿಯಿತು. ಸೂಜಿ ಹಾಕುವವರು ಮಂಡಿ ಮುಟ್ಟಿ ನೋಡುತ್ತಾರೆ, ನಿದ್ದೆ ಹೇಗಿದೆ ಕೇಳುತ್ತಾರೆ, ಸೊಸೆ ಸುದ್ದಿಯನ್ನೂ ಕೇಳಿಸಿಕೊಳ್ಳುತ್ತಾರೆ. "ಅವರ ಹತ್ರ ಹೋಗಿ ಬಂದರೆ ಮೈ ಹಗುರ ಕಣೋ" ಅನ್ನುತ್ತಾರೆ ಚಿಕ್ಕಮ್ಮ. ಅದು ಭ್ರಮೆ ಎಂದು ನಾನ್ಯಾಕೆ ವಾದ ಮಾಡಲಿ? ನೋವು ಅವರದ್ದು, ಆರಾಮವೂ ಅವರದ್ದೇ. ಫಿಸಿಯೋದವರು ಹೇಳಿಕೊಟ್ಟ ತೊಡೆಯ ವ್ಯಾಯಾಮ ಮಾತ್ರ ಬಿಡಬೇಡಿ ಎಂದು ಪೀಡಿಸುತ್ತಿರುತ್ತೇನೆ.

ಆದರೆ ಮಗುವಿಗಾಗಿ ಒದ್ದಾಡುತ್ತಿರುವವರ ಹತ್ತಿರ ಸೂಜಿ ಪ್ಯಾಕೇಜ್ ಮಾರುವುದನ್ನು ಕಂಡರೆ ಮೈ ಉರಿಯುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ) ಮಾಡಿಸಿಕೊಳ್ಳುತ್ತಿದ್ದ 848 ಹೆಂಗಸರ ಮೇಲೆ ನಡೆದ ಪರೀಕ್ಷೆ 2018ರಲ್ಲಿ ಹೊರಬಂತು. ನಿಜವಾದ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 18.3 ಜನಕ್ಕೆ ಮಗುವಾಯಿತು, ಸುಳ್ಳು ಸೂಜಿಯವರಲ್ಲಿ ಶೇ. 17.8. ಇಲ್ಲಿ ಮನಸ್ಸು ಹಗುರಾಗುವುದರಿಂದ ಲೆಕ್ಕ ಬದಲಾಗಲಿಲ್ಲ. ನೋವು ನಾವು ಅನುಭವಿಸಿ ಹೇಳುವ ವಿಷಯ, ಗರ್ಭ ನಿಲ್ಲುವುದು ಹಾಗಲ್ಲ. ರಕ್ತದ ಸಕ್ಕರೆಯೂ ಹಾಗಲ್ಲ.

ಹೋಗುವವರು ಹೋಗಿ, ಬೇಡ ಅನ್ನುವುದಿಲ್ಲ. ಸೂಜಿ ಹೊಸದೇ ಇರಬೇಕು, ಪ್ಯಾಕೆಟ್ಟನ್ನು ನಿಮ್ಮ ಎದುರಿಗೇ ಒಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಎದೆ, ಭುಜ, ಬೆನ್ನಿನ ಮೇಲ್ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ತೂತು ಬೀಳುವುದುಂಟು, ಆದ್ದರಿಂದ ಎಲ್ಲಿ ಕಲಿತಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಶುಗರ್ ಮಾತ್ರೆ, ಇನ್ಸುಲಿನ್ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ, ಮುಂಗಡ ಕೊಟ್ಟ ದುಡ್ಡು ಹೋದರೆ ಹೋಗಲಿ.